ನೋವು ತೋಳಿನಲ್ಲಿ, ಗಂಟು ಬೆನ್ನಿನಲ್ಲಿ: ರೊಟ್ಟಿ ಬಡಿಯುವವಳ ಅನುಭವ

ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ರೊಟ್ಟಿ ಮಾಡಿ ಮಾರುವ ಮನೆ. ಖಾನಾವಳಿಗಳಿಗೆ, ಹಾಸ್ಟೆಲ್‌ಗಳಿಗೆ, ಮದುವೆ, ಸೀಮಂತ ಇದ್ದವರಿಗೆ ಕೊಡುತ್ತೇವೆ. ಮೂರು ಜನ ಹೆಣ್ಣುಮಕ್ಕಳು ಕೂತು ಬಡಿಯುತ್ತೇವೆ. ಸಾಮಾನ್ಯ ದಿನಗಳಲ್ಲೇ ನನ್ನ ಪಾಲಿಗೆ 150 ರೊಟ್ಟಿ ಬರುತ್ತವೆ. ಖಡಕ್ ರೊಟ್ಟಿಯ ಆರ್ಡರ್ ಬಂದರೆ ಇನ್ನೂ ಜಾಸ್ತಿ. ಚಪಾತಿ ಲಟ್ಟಿಸುತ್ತಾರೆ, ಜೋಳದ ರೊಟ್ಟಿಯನ್ನು ಬಡಿಯಬೇಕು. ಎಸರು ಹಾಕಿ ಕಲಸಿದ ಹಿಟ್ಟನ್ನು ಮೊದಲು ಜೋರಾಗಿ ನಾದಬೇಕು. ಆಮೇಲೆ ಅಂಗೈಯಿಂದ ತಟ್ಟುತ್ತ, ತಿರುಗಿಸುತ್ತ ಅಗಲ ಮಾಡಬೇಕು. ಇದನ್ನೇ ಉದ್ಯೋಗ ಮಾಡಿಕೊಂಡವರಲ್ಲಿ ರಟ್ಟೆ ನೋವು ಇಲ್ಲ ಅನ್ನುವ ಹೆಂಗಸು ನನಗೆ ಇನ್ನೂ ಸಿಕ್ಕಿಲ್ಲ. ಎಲ್ಲರೂ ಮುಲಾಮು ಹಚ್ಚಿ, ಮಾತ್ರೆ ನುಂಗಿ ಮತ್ತೆ ಒಲೆ ಮುಂದೆ ಕೂರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ನೋವು ಬಲ ಭುಜದ ಮುಂದುಗಡೆ ಶುರುವಾಯಿತು. ಬೆರಳಿಟ್ಟು ತೋರಿಸುವಂಥ ಜಾಗ. ಅಲ್ಲಿಂದ ತೋಳಿನ ಹೊರಬದಿಗೆ ಇಳಿದು ಮೊಣಕೈ ತನಕ ಸೆಳೆಯುತ್ತಿತ್ತು. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿಯದೇ ಕಷ್ಟ. ಬಲ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಎಡ ಮಗ್ಗುಲಿಗೆ ಹೊರಳಿದರೆ ಬಲಗೈ ಎದೆಯ ಮುಂದೆ ಜೋತು ಬಿದ್ದು ಮತ್ತೆ ಸೆಳೆತ. ಜಡೆ ಹಾಕಿಕೊಳ್ಳುವುದು, ಬೆನ್ನ ಹಿಂದೆ ಕೈ ಒಯ್ದು ಸೆರಗು ಎಳೆದುಕೊಳ್ಳುವುದು, ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯುವುದು, ಒಂದೊಂದೂ ಬೇರೆಯವರ ಕೆಲಸವಾಯಿತು.

ಮನೆಯಲ್ಲಿ ನಮ್ಮ ಅತ್ತೆಯವರ ಕೈ ಒಳ್ಳೆಯದು. ಓಣಿಯ ಎಷ್ಟೋ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆದವರು, ಬಾಣಂತಿಯರ ಸೊಂಟ ನೀವಿದವರು. ಅವರು ಔಡಲೆಣ್ಣೆ ಬೆಚ್ಚಗೆ ಮಾಡಿ ದಿನಾ ರಾತ್ರಿ ಭುಜಕ್ಕೆ ತಿಕ್ಕಿದರು, ಲಕ್ಕಿ ಸೊಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟರು. ತಿಕ್ಕುವಾಗ ಹಾಯೆನಿಸುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಬೆಳಗ್ಗೆ ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ನೋವು ವಾಪಸ್. ಅತ್ತೆಯವರು ತಿಕ್ಕುತ್ತಿದ್ದದ್ದು ನಾನು ತೋರಿಸಿದ ಜಾಗವನ್ನೇ, ಅಂದರೆ ಭುಜದ ಮುಂಭಾಗವನ್ನು. ಹಿಂದೆ ಯಾರೂ ಕೈ ಹಾಕಿರಲಿಲ್ಲ. ಅಲ್ಲಿ ನೋವೇ ಇರಲಿಲ್ಲ, ಯಾಕೆ ಹಾಕಬೇಕು ಅಲ್ವಾ?

ಆಮೇಲೆ ಪರಿಚಯದವರ ಮಾತು ಕೇಳಿ ಒಬ್ಬ ಮಾಲೀಶಿನವರ ಹತ್ತಿರ ಹೋದೆ. ಹೆಸರು ಬೇಡ. ಅವರು ಏನನ್ನೂ ಕೇಳಲಿಲ್ಲ. ಎಷ್ಟು ದಿನದಿಂದ ನೋವು, ಏನು ಕೆಲಸ ಮಾಡುತ್ತೀರಿ, ಬೇರೆ ಏನಾದರೂ ಕಾಯಿಲೆ ಇದೆಯಾ, ಒಂದೂ ಇಲ್ಲ. ಎಣ್ಣೆ ಸುರಿದು ಎರಡೂ ಹೆಬ್ಬೆರಳಿನಿಂದ ಭುಜದ ಮುಂದೆ ಮೂಳೆಯ ಮೇಲೇ ಒತ್ತಿದರು. ನಾನು ಕೂಗಿದರೆ, "ತಡಕೋಬೇಕ್ರಿ, ನೋವಾದ್ರನ ಗುಣ ಆಗ್ತದ" ಅಂದರು. ಕೊನೆಗೆ ಕೈ ಹಿಡಿದು ಜಗ್ಗಿ ಒಂದು ಸಪ್ಪಳ ಬರಿಸಿದರು. ಮರುದಿನ ತೋಳು ಕಂದಿ ನೀಲಿಯಾಗಿತ್ತು, ಎತ್ತಲೂ ಆಗಲಿಲ್ಲ. ಆ ವಾರದ ಆರ್ಡರ್‌ಗಳನ್ನು ಉಳಿದ ಇಬ್ಬರೇ ಮುಗಿಸಿದರು.

ಇದರಿಂದ ಮಾಲೀಶು ಅನ್ನುವ ವಿದ್ಯೆಯನ್ನೇ ನಾನು ದೂರುವುದಿಲ್ಲ. ನಮ್ಮ ಧಾರವಾಡ ಸೀಮೆಯ ಗರಡಿ ಮನೆಗಳಲ್ಲಿ ಪೈಲ್ವಾನರ ಮೈ ತಿಕ್ಕಿ ಹದಗೊಳಿಸುವುದು ಹಳೆಯ ಪದ್ಧತಿ. ತಿಳಿದ ಉಸ್ತಾದರು ಮೊದಲು ಮೈ ಮುಟ್ಟಿ ನೋಡುತ್ತಾರೆ, ಎಲ್ಲಿ ಬಿಗಿ, ಎಲ್ಲಿ ಬಾವು ಅಂತ ತಿಳಿದುಕೊಂಡೇ ಮುಂದುವರಿಯುತ್ತಾರೆ. ನನಗೆ ಸಿಟ್ಟು ಇರುವುದು ಆ ಒಂದು ಮಾತಿನ ಮೇಲೆ: ನೋವಾದರೇ ಗುಣ. ಈ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಅಂದರೆ, ಮೆಲ್ಲಗೆ ಒತ್ತಿದವರಿಗೆ ಏನೂ ಬರುವುದಿಲ್ಲ ಅಂದುಕೊಳ್ಳುತ್ತೇವೆ.

ಎಲುಬಿನ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ಸರಿ ಇತ್ತು, ಸಕ್ಕರೆ ಕಾಯಿಲೆ ಇರಲಿಲ್ಲ. ಅವರು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಧಾರವಾಡದಲ್ಲಿ ನಮ್ಮ ಮೈದುನನ ಹೆಂಡತಿ ತನ್ನ ಕುತ್ತಿಗೆ ನೋವಿಗೆ ಹೋಗುತ್ತಿದ್ದ ಕ್ಲಿನಿಕ್ ಇತ್ತು, ಅಲ್ಲಿಗೇ ಹೋದೆ. ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ ಹತ್ತಿದರೆ ಆಯಿತು. ಸೀಟು ಸಿಗದ ದಿನ ಎಡಗೈಯಲ್ಲಿ ಹಿಡಿಕೆ ಹಿಡಿದು ನಿಂತು ಹೋಗಿದ್ದೂ ಉಂಟು.

ಅಲ್ಲಿದ್ದವರು ನನ್ನ ಮಗಳ ವಯಸ್ಸಿನ ಹುಡುಗಿ. ಆಕೆ ಮೊದಲ ದಿನ ಬಹಳ ಹೊತ್ತು ಮಾಲೀಶನ್ನೇ ಮಾಡಲಿಲ್ಲ. ಕೇಳಿದ್ದೇ ಕೇಳಿದ್ದು. ಬೆರಳು ಜೋಮು ಹಿಡಿಯುತ್ತವಾ? ಕೈಯಲ್ಲಿ ಬಲ ಕಡಿಮೆಯಾಗಿದೆಯಾ? ನಡೆದಾಗ, ಮೆಟ್ಟಿಲು ಹತ್ತಿದಾಗ ತೋಳು ನೋವು ಜಾಸ್ತಿಯಾಗುತ್ತದಾ? ಜ್ವರ, ತೂಕ ಇಳಿಯುವುದು ಏನಾದರೂ ಇದೆಯಾ? ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಾ? ಯಾವ ಪ್ರಶ್ನೆ ಯಾಕೆ ಅಂತಲೂ ಹೇಳಿದರು. ಜೋಮು ಮತ್ತು ಬಲ ಕಡಿಮೆ ಇದ್ದರೆ ಕುತ್ತಿಗೆಯ ನರ ಒತ್ತಿಕೊಂಡಿರಬಹುದು. ನಡೆದಾಗ ಹೆಚ್ಚುವ ತೋಳು ನೋವು ಹೃದಯದ್ದೂ ಇರಬಹುದು, ಅದಕ್ಕೆ ಮಾಲೀಶು ಮಾಡುತ್ತ ಕೂತರೆ ಜೀವಕ್ಕೇ ಅಪಾಯ.

ಆಮೇಲೆ ಕೈ ಪರೀಕ್ಷೆ. "ಅಕ್ಕಾರ, ನೀವ ಎತ್ತರಿ, ಎಲ್ಲಿತನಕ ಬರ್ತದ ನೋಡೂಣು." ಕಿವಿಯ ಹತ್ತಿರ ಬರುವ ಮೊದಲೇ ನಿಂತಿತು. "ಈಗ ಬಲ ಪೂರಾ ಬಿಡ್ರಿ, ನಾ ಎತ್ತತೇನಿ." ಅವರು ಎತ್ತಿದಾಗ ನೋವಾದರೂ ಕೈ ಪೂರ್ತಿ ಮೇಲೆ ಹೋಯಿತು. ಇದು ಮುಖ್ಯವಾದ ಪರೀಕ್ಷೆಯಂತೆ. ಭುಜ ಗಟ್ಟಿಯಾಗುವ ಕಾಯಿಲೆ ಇದೆಯಲ್ಲ, ಎಲ್ಲರೂ ಫ್ರೋಜನ್ ಶೋಲ್ಡರ್ ಅನ್ನುತ್ತಾರೆ, ಅದರಲ್ಲಿ ಕೀಲಿನ ಸುತ್ತಲಿನ ಪೊರೆಯೇ ದಪ್ಪಗಾಗಿ ಬಿಗಿಯುತ್ತದೆ. ಬೇರೆಯವರು ಎತ್ತಿದರೂ ಕೈ ಪೂರ್ತಿ ಏಳುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಹೆಚ್ಚು. ನನ್ನದು ಅದಲ್ಲ ಅಂತ ಅಷ್ಟರಲ್ಲೇ ಗೊತ್ತಾಯಿತು. ಕುತ್ತಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದರು, ಅದರಿಂದ ತೋಳಿಗೆ ನೋವು ಇಳಿಯಲಿಲ್ಲ.

ಬೋರಲು ಮಲಗಿಸಿ ಬಲಗೈಯನ್ನು ಹಾಸಿಗೆಯ ಅಂಚಿನಿಂದ ಇಳಿಬಿಟ್ಟರು. ಹೆಗಲ ಹಿಂದೆ ಚಪ್ಪಟೆ ಎಲುಬು ಇರುತ್ತದಲ್ಲ, ಅದರ ಮೇಲಿನ ತೆಳು ಸ್ನಾಯುವಿನ ಮೇಲೆ ಬೆರಳ ತುದಿಗಳನ್ನು ಅಡ್ಡಡ್ಡ ಆಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಬಿಗಿದ ಹುರಿಯಂಥ ಎಳೆ ಇತ್ತು, ನನಗೂ ತಿಳಿಯುತ್ತಿತ್ತು. ಮೆಲ್ಲಗೆ ಒತ್ತಿದರು. ಆಗ ನನ್ನ ಭುಜದ ಮುಂದೆ ನೋವು ಎದ್ದಿತು! ಅದೇ ಜಾಗ, ಅದೇ ಸೆಳೆತ, ತೋಳಿನಿಂದ ಇಳಿದು ಮೊಣಕೈಗೆ ಹೋಗುವ ಅದೇ ದಾರಿ. ಅವರ ಬೆರಳು ಬೆನ್ನ ಮೇಲಿದೆ, ನೋವು ಮುಂದೆ ಬರುತ್ತಿದೆ.

"ಹಾಂ, ಅದ ನೋಡ್ರಿ! ಅದ ನನ್ನ ನೋವು!" ಅಂತ ಜೋರಾಗಿ ಅಂದುಬಿಟ್ಟೆ.

"ಹೌದಲ್ಲ? ಇದನ್ನ ಹುಡುಕಾಕತ್ತಿದ್ದೆ ಅಕ್ಕಾರ."

ಆ ಸ್ನಾಯುವಿನ ಹೆಸರು ಇನ್‌ಫ್ರಾಸ್ಪೈನೇಟಸ್. ತೋಳನ್ನು ಹೊರಕ್ಕೆ ತಿರುಗಿಸುವುದು ಅದರ ಕೆಲಸ. ತೋಳು ರಭಸದಿಂದ ಒಳಕ್ಕೆ, ಮುಂದಕ್ಕೆ ಬರುವಾಗ ಅದನ್ನು ಹಿಡಿದು ನಿಧಾನ ಮಾಡುವುದೂ ಅದೇ. ರೊಟ್ಟಿ ಬಡಿಯುವಾಗ ಅಂಗೈ ಕೆಳಗೆ ಬೀಳುವ ಪ್ರತಿ ಸಲವೂ ಹಿಂದಿನ ಈ ಸ್ನಾಯು ಜಗ್ಗಿ ಹಿಡಿಯುತ್ತದೆ. ನೆಲದ ಮೇಲೆ ಕೂತು ಕೈ ಮುಂದೆ ಚಾಚಿ ತಾಸುಗಟ್ಟಲೆ ಬಡಿದರೆ ಅದಕ್ಕೆ ಬಿಡುವೇ ಇಲ್ಲ. ಕೊನೆಗೆ ಒಂದು ಭಾಗ ಬಿಗಿದುಕೊಂಡು ಸಡಿಲವಾಗುವುದನ್ನೇ ನಿಲ್ಲಿಸುತ್ತದೆ. ಆ ಚುಕ್ಕೆಯನ್ನು ಟ್ರಿಗರ್ ಪಾಯಿಂಟ್ ಅನ್ನುತ್ತಾರೆ, ನಾನು ಗಂಟು ಅನ್ನುತ್ತೇನೆ. ಅದು ಬಹಳ ಸಲ ನೋವನ್ನು ತನ್ನ ಜಾಗದಲ್ಲಿ ತೋರಿಸದೆ ಬೇರೆ ಕಡೆ ತೋರಿಸುತ್ತದೆ.

ಕ್ಲಿನಿಕ್ಕಿನ ಗೋಡೆಯ ಮೇಲೆ ಇದರದೇ ಚಿತ್ರಪಟ ಇತ್ತು. ಗಂಟು ಇರುವಲ್ಲಿ ಗುಣಾಕಾರದ ಗುರುತು, ನೋವು ಕಾಣಿಸುವಲ್ಲಿ ಕೆಂಪು ಬಣ್ಣ. ಇಂಥ ನಕ್ಷೆಗಳ ಹಿಂದಿರುವವರು ಅಮೆರಿಕದ ಜಾನೆಟ್ ಟ್ರಾವೆಲ್ ಅನ್ನುವ ವೈದ್ಯೆ. ಜಾನ್ ಕೆನಡಿಯವರ ಬೆನ್ನು ನೋವಿಗೆ ಚಿಕಿತ್ಸೆ ಕೊಟ್ಟು, 1961ರಲ್ಲಿ ಅಮೆರಿಕ ಅಧ್ಯಕ್ಷರ ವೈದ್ಯರಾದ ಮೊದಲ ಮಹಿಳೆ. ಡೇವಿಡ್ ಸೈಮನ್ಸ್ ಅನ್ನುವ ಇನ್ನೊಬ್ಬ ವೈದ್ಯರ ಜೊತೆ ಸೇರಿ ಒಂದೊಂದು ಸ್ನಾಯುವಿನ ಗಂಟು ಎಲ್ಲೆಲ್ಲಿ ನೋವು ತೋರಿಸುತ್ತದೆ ಅಂತ 1983ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಗಂಟಿನ ಒಳಗೆ ನಿಜಕ್ಕೂ ಏನಾಗಿರುತ್ತದೆ ಅನ್ನುವುದರಲ್ಲಿ ಸಂಶೋಧಕರಿಗೆ ಇವತ್ತಿಗೂ ಒಮ್ಮತ ಇಲ್ಲ. ಅದನ್ನೂ ಆ ಹುಡುಗಿ ನನ್ನಿಂದ ಮುಚ್ಚಿಡಲಿಲ್ಲ. ನನಗೆ ಅದು ಹಿಡಿಸಿತು.

ಇನ್ನು ಚಿಕಿತ್ಸೆಯ ಮಾತು. ಮೊದಲು ಬಿಸಿ ಪ್ಯಾಕ್ ಇಟ್ಟು ಬೆನ್ನು, ಹೆಗಲು ಬೆಚ್ಚಗೆ ಮಾಡುತ್ತಿದ್ದರು. ಸ್ವಲ್ಪೇ ಎಣ್ಣೆ ಹಚ್ಚಿ, ಪೂರ್ತಿ ಅಂಗೈ ಇಟ್ಟು ಉದ್ದಕ್ಕೆ ನೀವುತ್ತಿದ್ದರು. ಇದರಿಂದ ಮೈ ಹೆದರಿಕೆ ಬಿಡುತ್ತದೆ. ನಂತರ ಹೆಗಲು, ಕುತ್ತಿಗೆ ಸೇರುವ ಕಡೆಯ ದಪ್ಪ ಸ್ನಾಯುವನ್ನು ಹಿಡಿದೆತ್ತಿ, ನಾವು ಹಿಟ್ಟು ನಾದುವ ಹಾಗೇ ನಾದುತ್ತಿದ್ದರು. ಇಷ್ಟಾದ ಮೇಲೆ ಗಂಟಿಗೆ ಕೈ.

ಇಲ್ಲಿ ಒಂದು ನಿಯಮ ಇತ್ತು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಐದು, ಆರರ ಹತ್ತಿರ ಬಂದಾಗ ನಾನು ಹೇಳಬೇಕು, ಅವರು ಅಲ್ಲೇ ನಿಲ್ಲುತ್ತಾರೆ. ಜಾಸ್ತಿ ಒತ್ತುವುದಿಲ್ಲ, ಉಜ್ಜುವುದಿಲ್ಲ, ಸುಮ್ನೆ ಹಿಡಿದಿರುತ್ತಾರೆ. ನಾನು ನಿಧಾನಕ್ಕೆ ಉಸಿರು ಬಿಡಬೇಕು. ಅರ್ಧ ನಿಮಿಷ, ಕೆಲವು ಸಲ ಒಂದೂವರೆ ನಿಮಿಷದ ತನಕ. ಒತ್ತಡ ಅಷ್ಟೇ ಇದ್ದರೂ ನೋವು ತಾನಾಗಿ ಆರರಿಂದ ನಾಲ್ಕಕ್ಕೆ, ಎರಡಕ್ಕೆ ಇಳಿಯುತ್ತದೆ. ಬೆರಳ ಕೆಳಗಿನ ಎಳೆ ಮೆತ್ತಗಾಗುತ್ತದೆ. "ಈಗೆಷ್ಟು ಅಕ್ಕಾರ?" ಅಂತ ನಡುನಡುವೆ ಕೇಳುತ್ತಲೇ ಇರುತ್ತಿದ್ದರು. ಹಲ್ಲು ಕಚ್ಚಿಕೊಂಡು ತಡೆದರೆ ಸ್ನಾಯು ಇನ್ನೂ ಬಿಗಿದುಕೊಂಡು ಎದುರು ನಿಲ್ಲುತ್ತದೆ, ಆಗ ಒತ್ತಿದ್ದೆಲ್ಲ ದಂಡ ಅನ್ನುವುದು ಅವರ ಮಾತು. ನೋವಾದರೇ ಗುಣ ಅಂದವರ ಕೈಯಲ್ಲಿ ಬಿಗಿದಿದ್ದ ಅದೇ ಭುಜ, ಕೇಳಿ ಕೇಳಿ ಒತ್ತುವ ಕೈಗೆ ಬಿಟ್ಟುಕೊಟ್ಟಿತು.

ಗಂಟು ಸಡಿಲವಾದ ಕೂಡಲೇ ಆ ಸ್ನಾಯುವನ್ನು ಹಿಗ್ಗಿಸಬೇಕು. ಬಲಗೈಯನ್ನು ಎದೆಯ ಅಡ್ಡ ತಂದು, ಎಡಗೈಯಿಂದ ಮೊಣಕೈ ಹಿಡಿದು ಮೆಲ್ಲಗೆ ಎಳೆಯುವುದು. ಎದೆಯ ಮುಂದಿನ ಸ್ನಾಯುವೂ ಬಿಗಿದಿತ್ತು, ಅದಕ್ಕೆ ಬಾಗಿಲ ಚೌಕಟ್ಟಿಗೆ ಮುಂಗೈ ಊರಿ ನಿಂತು ಮುಂದಕ್ಕೆ ವಾಲುವುದು. ಮೊದಲ ದಿನವೇ ಕೈ ಸ್ವಲ್ಪ ಮೇಲೆ ಎದ್ದಿತು. ಮರುದಿನ ಜಿಮ್ಮಿಗೆ ಹೊಸದಾಗಿ ಹೋದವರಿಗೆ ಆಗುವಂಥ ಸಣ್ಣ ನೋವು ಇತ್ತು, ಕಂದಿರಲಿಲ್ಲ. ಒಂದು ಸಲಕ್ಕೆಲ್ಲ ಹೋಗುವ ನೋವು ಅದಲ್ಲ. ಕೆಲವು ವಾರ ಹೋಗಿ ಬಂದೆ. ಬಲ ಮಗ್ಗುಲಿಗೆ ಮಲಗಿ ನಿದ್ದೆ ಮಾಡಿದ ಬೆಳಗ್ಗೆ ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ನಡುವೆ ಹೆಗ್ಗೇರಿಯ ಆಯುರ್ವೇದ ಕಾಲೇಜಿನ ಆಸ್ಪತ್ರೆಗೂ ಹೋಗಿದ್ದೆ, ಅತ್ತೆಯವರ ಮೊಣಕಾಲು ನೋವಿಗೆ. ಅಲ್ಲಿ ಅವರಿಗೆ ಎಣ್ಣೆ ಅಭ್ಯಂಗದ ಮೇಲೆ ಪತ್ರಪಿಂಡ ಸ್ವೇದ ಮಾಡಿದರು. ಲಕ್ಕಿ, ಎಕ್ಕೆ, ಔಡಲ ಇಂಥ ಎಲೆಗಳನ್ನು ಹೆಚ್ಚಿ, ಕೊಬ್ಬರಿ ತುರಿ, ಲಿಂಬೆ ಹೋಳು ಸೇರಿಸಿ ಎಣ್ಣೆಯಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಾರೆ. ಬಿಸಿ ಎಣ್ಣೆಯಲ್ಲಿ ಅದ್ದಿ, ಶಾಖ ಎಷ್ಟಿದೆ ಅಂತ ಮೊದಲು ತಮ್ಮ ಕೈ ಮೇಲೆ ನೋಡಿಕೊಂಡು, ಆಮೇಲೆ ಮೊಣಕಾಲಿಗೆ ಒತ್ತಿ ಒತ್ತಿ ಎತ್ತುತ್ತಾರೆ. ಮೂಗಿಗೆ ಬರುವ ಆ ಎಲೆಯ ಘಮ ನಮ್ಮ ಅತ್ತೆಯವರಿಗೆ ಗುರುತಿದ್ದದ್ದೇ. "ಇದನ್ನ ನಾನೂ ಮಾಡ್ತಿದ್ದೆನಲ್ಲವಾ, ಇವರು ವ್ಯವಸ್ಥಾ ಮಾಡಿ ಮಾಡ್ತಾರ" ಅಂದರು. ಮೊಣಕಾಲಿನ ಬಿಗಿತ ಕಡಿಮೆಯಾಗಿ ಎದ್ದು ಕೂರುವುದು ಹಗುರವಾಯಿತು. ಸವೆದ ಕೀಲು ಅದರಿಂದ ಹೊಸದಾಗುವುದಿಲ್ಲ, ಅಲ್ಲಿಯ ಡಾಕ್ಟರೇ ಅದನ್ನು ಹೇಳಿದರು. ಶಾಖ ಮತ್ತು ಎಣ್ಣೆ ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ, ನಡೆದಾಡಲು ಧೈರ್ಯ ಕೊಡುತ್ತವೆ. ಅಷ್ಟೇ ಸಾಕಲ್ವಾ, ಆ ವಯಸ್ಸಿಗೆ?

ಮನೆಯಲ್ಲಿ ನಾನು ಈಗಲೂ ಮಾಡುವುದು ಟೆನಿಸ್ ಚೆಂಡಿನ ಕೆಲಸ. ಚೆಂಡನ್ನು ಹಳೆಯ ಕಾಲುಚೀಲದೊಳಗೆ ಹಾಕಿ ಹೆಗಲ ಮೇಲಿಂದ ಬೆನ್ನ ಹಿಂದೆ ಇಳಿಬಿಟ್ಟು, ಗೋಡೆಗೆ ಒರಗಿ ನಿಲ್ಲುತ್ತೇನೆ. ಕಾಲುಚೀಲದ ತುದಿ ಕೈಯಲ್ಲಿ ಇರುವುದರಿಂದ ಚೆಂಡು ಬೀಳುವುದಿಲ್ಲ. ಮೈಯನ್ನು ಅತ್ತಿತ್ತ ಸರಿಸಿ ಗಂಟು ಸಿಕ್ಕ ಕಡೆ ನಿಂತು, ಅದೇ ಐದು, ಆರರ ಲೆಕ್ಕದಲ್ಲಿ ಒರಗಿ ಉಸಿರು ಬಿಡುವುದು. ಬೆನ್ನೆಲುಬಿನ ಮೇಲೆ ಚೆಂಡು ಇಡಬಾರದು. ಕುತ್ತಿಗೆಯ ಮುಂಭಾಗ, ಕಂಕುಳ ಗುಳಿ, ಮೊಣಕಾಲಿನ ಹಿಂದಿನ ಗುಳಿ ಇವನ್ನು ಯಾರೂ ಒತ್ತಬಾರದು, ಅಲ್ಲಿ ದೊಡ್ಡ ರಕ್ತನಾಳ, ನರ ಹಾದು ಹೋಗುತ್ತವೆ. ಒಂದೇ ಮೀನಖಂಡ ಬಾತು, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರಂತೂ ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ನಮ್ಮ ಹೆಣ್ಣುಮಕ್ಕಳು ಬಾಣಂತಿಯರ ಕಾಲು ತಿಕ್ಕುವಾಗ ಇದನ್ನು ಮುಖ್ಯವಾಗಿ ನೆನಪಿಡಬೇಕು. ಹೆರಿಗೆಯ ನಂತರದ ವಾರಗಳಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು.

ಬಲ ಬರಿಸುವ ವ್ಯಾಯಾಮವೂ ಇದೆ. ಮೊಣಕೈಯನ್ನು ಸೊಂಟಕ್ಕೆ ಅಂಟಿಸಿ, ನಡುವೆ ಸುತ್ತಿದ ಟವೆಲ್ ಇಟ್ಟು, ಮುಂಗೈಯ ಹೊರಬದಿಯಿಂದ ಬಾಗಿಲ ಚೌಕಟ್ಟನ್ನು ಹೊರಕ್ಕೆ ತಳ್ಳುವುದು, ಹತ್ತು ಎಣಿಸಿ ಬಿಡುವುದು. ಕೈ ಅಲುಗುವುದಿಲ್ಲ, ಸ್ನಾಯು ಮಾತ್ರ ಕೆಲಸ ಮಾಡುತ್ತದೆ. ಆಮೇಲೆ ರಬ್ಬರ್ ಪಟ್ಟಿಗೆ ದಾಟಿದೆವು. ಗಂಟು ಬಿಡಿಸಿ ಬಲ ಬರಿಸದಿದ್ದರೆ ಅದೇ ಗಂಟು ಮತ್ತೆ ಬರುತ್ತದೆ ಅಂತ ಆ ಹುಡುಗಿ ಹಟ ಹಿಡಿದು ಮಾಡಿಸಿದರು.

ಕೆಲಸದ ರೀತಿಯನ್ನೂ ಬದಲಿಸಿದೆವು. ರೊಟ್ಟಿ ಬಡಿಯುವುದನ್ನು ನೆಲದಿಂದ ಕಟ್ಟೆಯ ಮೇಲೆ ತಂದೆವು, ಮೊಣಕೈ ಎತ್ತರಕ್ಕೆ. ಒಬ್ಬರೇ ಕೊನೆತನಕ ಬಡಿಯುವುದಿಲ್ಲ. ನಾದುವುದು, ಬಡಿಯುವುದು, ಹಂಚಿನ ಮೇಲೆ ಬೇಯಿಸುವುದು ಈ ಮೂರನ್ನೂ ಸರದಿಯಲ್ಲಿ ಮಾಡುತ್ತೇವೆ. ರೊಟ್ಟಿ ಒತ್ತುವ ಮಷಿನ್ ತರಲು ಹೇಳುವವರೂ ಇದ್ದಾರೆ. ನಮ್ಮ ಗಿರಾಕಿಗಳಿಗೆ ಕೈಯಿಂದ ಬಡಿದ ರೊಟ್ಟಿಯೇ ಬೇಕು, ನನಗೂ ಅದೇ ಇಷ್ಟ.

ನಮ್ಮ ಜೊತೆ ಬಡಿಯುವವರಲ್ಲಿ ಒಬ್ಬಾಕೆಗೆ ನನ್ನದು ಗುಣವಾದದ್ದು ನೋಡಿ ಆಸೆ ಬಂತು. "ಅಕ್ಕಾ, ನನಗೂ ಆ ಚೆಂಡು ಕೊಡ್ರಿ, ನನಗೂ ರಟ್ಟಿ ನೋವ ಐತಿ" ಅಂದಳು. ಚೆಂಡು ಕೊಡಲಿಲ್ಲ, ಧಾರವಾಡಕ್ಕೆ ಕರೆದುಕೊಂಡು ಹೋದೆ. ಅವಳಿಗೂ ಅದೇ ಪ್ರಶ್ನೆಗಳು. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಝಾಡಿಸಿದರೆ ಕಡಿಮೆಯಾಗುತ್ತದೆ ಅಂದಳು. ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ, ಕಿರುಬೆರಳಿನಲ್ಲಿ ಇಲ್ಲ. ಬೆನ್ನು, ಭುಜ ಎಲ್ಲ ನೋಡಿ ಕೊನೆಗೆ ಮಣಿಕಟ್ಟಿನ ಹತ್ತಿರ ಬಂದರು. ಅಲ್ಲಿ ನರ ಹಾದು ಹೋಗುವ ಇಕ್ಕಟ್ಟಾದ ದಾರಿ ಇದೆ, ಅದರಲ್ಲಿ ನರ ಒತ್ತಿಕೊಂಡಾಗ ಹೀಗಾಗುತ್ತದೆ, ನೋವು ಭುಜದ ತನಕವೂ ಏರಬಹುದು. ನರದ ಪರೀಕ್ಷೆಗೆ ಕಳಿಸಿದರು, ಅದರಲ್ಲಿ ಅದೇ ಬಂತು. ಅವಳ ಬೆನ್ನಿಗೆ ಚೆಂಡು ಇಟ್ಟು ಎಷ್ಟು ಒತ್ತಿದ್ದರೂ ಏನೂ ಆಗುತ್ತಿರಲಿಲ್ಲ. ಈಗ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗುತ್ತಾಳೆ. ಹಿಟ್ಟು ನಾದುವ ಸರದಿಯಿಂದ ಅವಳನ್ನು ಬಿಡಿಸಿ ಹಂಚಿನ ಮುಂದೆ ನಿಲ್ಲಿಸಿದ್ದೇವೆ. ಜೋಮು ಕಡಿಮೆಯಾಗುತ್ತಿದೆ. ಮುಂದಿನ ತಿಂಗಳು ಮತ್ತೊಮ್ಮೆ ತೋರಿಸಬೇಕು.